ಎಸ್ಕಾಂಡೊರ್ ವಿಶ್ವವಿದ್ಯಾಲಯದ ಲಿಫ್ಟಿನ ನಿಲಕ್ಕ

ಲಿಫ್ಟಿನೊಳಗೆ ಕಾಲಿಟ್ಟ ಕೂಡಲೇ ಮಾತು ನಿಲ್ಲಿಸುವವರನ್ನು ಎಲ್ಲರ ಬಾಯಲ್ಲಿ ನಿಲಕ್ಕ ಆಗಿದ್ದ ಲಿಯೊನೀಲಾ ಬಾರ್ಸೆನಾಸ್ ಯಾವತ್ತೂ ನಂಬಿದವಳಲ್ಲ. ಮನಿಲಾದ ಎಸ್ಕಾಂಡೊರ್ ವಿಶ್ವವಿದ್ಯಾಲಯದ ಹಳೇ ಕಟ್ಟಡದಲ್ಲಿ ಸ್ಟೂಲಿನ ಮೇಲೆ ಕೂತು, ಜಾಲರಿ ಬಾಗಿಲು ಎಳೆದು, ಹಿತ್ತಾಳೆಯ ಹಿಡಿ ತಿರುಗಿಸುತ್ತಾ ಅವಳ ಅರ್ಧ ಆಯಸ್ಸು ಕಳೆದಿತ್ತು. ಹುಡುಗ ಹುಡುಗಿಯರು ತಮ್ಮ ಪ್ರೀತಿ, ಫೇಲು, ಮೇಷ್ಟರ ಮೇಲಿನ ಬೈಗುಳ ಎಲ್ಲವನ್ನೂ ಅವಳ ತಲೆಯ ಮೇಲೆಯೇ ಮಾತಾಡುತ್ತಿದ್ದರು. ಅಲ್ಲಿ ಒಬ್ಬ ಹೆಂಗಸು ಕೂತಿದ್ದಾಳೆ ಅನ್ನುವುದೇ ಅವರಿಗೆ ಮರೆತುಹೋಗುತ್ತಿತ್ತು. ಏಳನೇ ಮಹಡಿಯ ಸಭಾಕೊಠಡಿಗೆ ಹೋಗುವವರು ಮಾತ್ರ ಒಳಗೆ ಬಂದೊಡನೆ ಮೂಗರಾಗುತ್ತಿದ್ದರು. ಆಡಳಿತ ಮಂಡಳಿಯವರು ಮೂಗರಾದಷ್ಟೂ ನಿಲಕ್ಕನ ಕಿವಿ ಚುರುಕಾಗುತ್ತಿತ್ತು.

ಆ ವರ್ಷ ಏಪ್ರಿಲ್‌ನಲ್ಲಿ ಅವರು ತೀರಾ ಹೆಚ್ಚು ಮೂಗರಾಗಿದ್ದರು.

ಒಂದು ಮಧ್ಯಾಹ್ನ ಮೂರು ಕಾಲಿನ ಅಳತೆ ಯಂತ್ರ ಹೊತ್ತುಕೊಂಡು ಇಬ್ಬರು ಹುಡುಗರು ಲಿಫ್ಟಿಗೆ ಬಂದರು. ಹೊಸ ಮುಖಗಳು. ತಾರಸಿಗೆ ಹೋಗಬೇಕೆಂದರು.

"ಏನಪ್ಪ, ತಾರಸಿ ಸೋರ್ತಿದೆ ಅಂತ ಬಂದ್ರಾ?" ನಿಲಕ್ಕ ಕೇಳಿದಳು.

"ಇಲ್ಲಕ್ಕ, ಬರೀ ಅಳತೆ," ಅಂದ ಒಬ್ಬ. ಇನ್ನೊಬ್ಬ ಹಿತ್ತಾಳೆ ಹಿಡಿಯನ್ನು ಮುಟ್ಟಿ ನೋಡಿದ. "ಎಂಥಾ ಚಂದ ಇದೆಯಲ್ಲಕ್ಕ ಇದು! ಕಟ್ಟಡ ಬೀಳಿಸೋವಾಗ ಇದನ್ನ ಗುಜರಿಗೆ ಹಾಕ್ತಾರೋ, ಇಲ್ಲ ಯಾರಾದ್ರೂ ಕೇಳಿದ್ರೆ ಕೊಡ್ತಾರೋ?"

ಮೊದಲನೆಯವನು ಅವನ ಕಾಲು ತುಳಿದ. ನಿಲಕ್ಕ ಅದನ್ನೂ ನೋಡಿದಳು.

ಕಟ್ಟಡ ಬೀಳಿಸುವಾಗ. ಆ ಹಳೇ ಕಟ್ಟಡದಲ್ಲಿ ಹಗಲು ಕಚೇರಿಗಳಿದ್ದವು, ಸಂಜೆ ಕಾಲೇಜಿತ್ತು. ಹಗಲು ಓದುವವರಿಗೆ ರಸ್ತೆಯಾಚೆ ಗಾಜಿನ ಹೊಸ ಕಟ್ಟಡ ಎದ್ದಿತ್ತು. ಅದರ ಮುಖದ ತುಂಬ ಪರೀಕ್ಷೆಯಲ್ಲಿ ಮೊದಲು ಬಂದವರ ಆಳೆತ್ತರದ ಫೋಟೋಗಳು ಜೋತಾಡುತ್ತಿದ್ದವು. ಸಂಜೆಯವರ ಫೋಟೋ ಎಲ್ಲೂ ಜೋತಾಡಲಿಲ್ಲ. ಅವರು ಕಾವಲುಗಾರರು, ಬಸ್ ಕಂಡಕ್ಟರುಗಳು, ಅಂಗಡಿಗಳಲ್ಲಿ ಬಟ್ಟೆ ಮಡಿಸುವ ಹೆಣ್ಣುಮಕ್ಕಳು. ಹಗಲಿಡೀ ನಿಂತು ದುಡಿದು ಆರು ಗಂಟೆಗೆ ಬೆಂಚಿನ ಮೇಲೆ ಕೂತರೆ ತೂಕಡಿಸುತ್ತಿದ್ದವರು. ಅವರಲ್ಲೊಬ್ಬಳು ನಿಲಕ್ಕನ ಮಗಳು ಮಾರಿವೆಲ್. ಡಿಪಾರ್ಟ್‌ಮೆಂಟ್ ಸ್ಟೋರಿನಲ್ಲಿ ಕ್ಯಾಷಿಯರ್. ಗಂಡ ಹಡಗಿನಲ್ಲಿ, ಮಡಿಲಲ್ಲಿ ನಾಲ್ಕು ತಿಂಗಳ ಕೂಸು, ಅಕೌಂಟಿಂಗ್ ಡಿಗ್ರಿಗೆ ಇನ್ನೊಂದೇ ವರ್ಷ ಬಾಕಿ. ಸಂಜೆ ಕಾಲೇಜು ಮುಚ್ಚಿದರೆ ಅವಳ ಓದು ಅಲ್ಲಿಗೇ ಮುಗಿಯಿತು. ಹಗಲು ಓದಲು ಅವಳಿಗೆ ಹಗಲು ಎಲ್ಲಿತ್ತು?

ಈ ವಿಶ್ವವಿದ್ಯಾಲಯ ಹುಟ್ಟಿದ್ದೇ ಸಂಜೆಯವರಿಗಾಗಿ. ಯುದ್ಧ ಮುಗಿದಾಗ ಮನಿಲಾದಲ್ಲಿ ಸುಟ್ಟ ಗೋಡೆಗಳ ಹೊರತು ಹೆಚ್ಚೇನೂ ಉಳಿದಿರಲಿಲ್ಲ. ಆಗ ಊರವರು ಮರ್ಯಾದೆಗೆ ದಾನ್ ಎಂದು ಕರೆಯುತ್ತಿದ್ದ ಫಾಬಿಯಾನ್ ಎಸ್ಕಾಂಡೊರ್ ಎಂಬಾತ ಔಷಧಿ ಅಂಗಡಿಯೊಂದರ ಮಹಡಿಯಲ್ಲಿ ಲೆಕ್ಕಪತ್ರ ಕಲಿಸುವ ಸಂಜೆ ಶಾಲೆ ತೆರೆದ. ಮೇಷ್ಟರಿಗೆ ಸಂಬಳ ಕೊಡಲು ಕಾಸಿರಲಿಲ್ಲ. ಸಂಬಳದ ಬದಲು ಕಂಪನಿಯ ಷೇರು ಕೊಟ್ಟ. ಹೌದು, ಕಂಪನಿಯೇ. ಅಲ್ಲಿ ವಿದ್ಯೆಗೂ ಷೇರುದಾರರಿದ್ದಾರೆ, ಲಾಭಾಂಶವಿದೆ, ವರ್ಷಕ್ಕೊಮ್ಮೆ ಮಹಾಸಭೆಯಿದೆ. ಕಾನೂನು ಒಪ್ಪಿದ ವ್ಯವಹಾರ, ಅದರಲ್ಲಿ ಕಳ್ಳತನವೇನೂ ಇಲ್ಲ. ಕಳ್ಳತನ ನಡೆದದ್ದು ಇನ್ನೂ ನಾಜೂಕಾದ ಜಾಗದಲ್ಲಿ.

ದಾನ್ ಫಾಬಿಯಾನ್ ಷೇರು ಕೊಟ್ಟ ಪ್ರತಿಯೊಬ್ಬ ಮೇಷ್ಟರ ಮನೆಯಲ್ಲೂ ಮಗು ಹುಟ್ಟಿದಾಗ ಅದರ ಜ್ಞಾನಸ್ನಾನಕ್ಕೆ, ಅಂದರೆ ಚರ್ಚಿನಲ್ಲಿ ತಲೆಗೆ ನೀರು ಹಾಕಿಸುವ ಶಾಸ್ತ್ರಕ್ಕೆ, ತಾನೇ ನಿನೊಂಗ್ ಆಗಿ ನಿಂತ. ನಿನೊಂಗ್ ಎಂದರೆ ದೇವರ ಮುಂದೆ ಮಗುವಿನ ಎರಡನೇ ಅಪ್ಪ. ಕ್ರಿಸ್‌ಮಸ್ ದಿನ ಅವನ ಮನೆಗೆ ಹೋಗಿ ಅವನ ಕೈಯನ್ನು ಹಣೆಗೆ ಒತ್ತಿಕೊಳ್ಳಬೇಕು. ಕೆಲಸ ಬೇಕಾದಾಗ ಅವನಲ್ಲಿಗೆ ಹೋಗಬಹುದು. ಪ್ರತಿಯಾಗಿ ಅವನು ಏನಾದರೂ ಕೇಳಿದರೆ ಇಲ್ಲ ಅನ್ನುವ ನಾಲಿಗೆ ಆ ಊರಿನಲ್ಲಿ ಯಾರಿಗೂ ಇಲ್ಲ. ಹೀಗೆ ಷೇರು ಮೇಷ್ಟರ ಹೆಸರಿನಲ್ಲೇ ಉಳಿಯಿತು, ಓಟು ಎಸ್ಕಾಂಡೊರ್ ಮನೆಗೆ ಹೋಯಿತು. ಪ್ರತಿ ಮೇ ತಿಂಗಳ ಮಹಾಸಭೆಯ ಬಾಗಿಲಲ್ಲಿ ಒಂದು ಹಾಳೆ ಇಟ್ಟಿರುತ್ತಾರೆ. "ನನ್ನ ಪರವಾಗಿ ಅಧ್ಯಕ್ಷರೇ ಮತ ಹಾಕಲಿ" ಎಂದು ಸಹಿ ಹಾಕಿ ಒಳಗೆ ಹೋದರೆ ನೂಡಲ್ಸ್, ಸುಟ್ಟ ಹಂದಿ, ಲಾಟರಿಯಲ್ಲಿ ಅನ್ನದ ಕುಕ್ಕರು. ಅಪ್ಪಂದಿರು ಸಹಿ ಹಾಕಿದರು, ಅವರು ಸತ್ತ ಮೇಲೆ ಮಕ್ಕಳು ಹಾಕಿದರು. ಒಂದು ವಿಶ್ವವಿದ್ಯಾಲಯದ ಆಡಳಿತ ಎಪ್ಪತ್ತು ವರ್ಷ ಹೀಗೆ ಹಂದಿಯ ಗರಿಗರಿ ಚರ್ಮದ ಮೇಲೆ ನಡೆಯಿತು.

ನಿಲಕ್ಕನ ಅಪ್ಪ ಅಂಥ ಮೊದಲ ಮೇಷ್ಟರಲ್ಲೊಬ್ಬ. ವ್ಯಾಪಾರ ಕಾನೂನು ಕಲಿಸುತ್ತಿದ್ದ ಮನುಷ್ಯ ತನ್ನ ಷೇರಿನ ಹಕ್ಕನ್ನು ಒಂದು ದಿನವೂ ಚಲಾಯಿಸಲಿಲ್ಲ. ಅವನಿಗೆ ಪಾರ್ಶ್ವವಾಯು ಬಡಿದಾಗ ನಿಲಾ ಅದೇ ಸಂಜೆ ಕಾಲೇಜಿನ ಎರಡನೇ ವರ್ಷದಲ್ಲಿದ್ದಳು. ಓದು ಬಿಟ್ಟು ತನ್ನ ನಿನೊಂಗ್ ಬಳಿಗೆ ಹೋಗಿ ಕೆಲಸ ಕೇಳಿದಳು. ಮೇಷ್ಟರ ಮಗಳಿಗೆ, ಸ್ವತಃ ಷೇರುದಾರಳಾಗಲಿದ್ದವಳಿಗೆ, ದಾನ್ ಫಾಬಿಯಾನ್ ಲಿಫ್ಟಿನ ಸ್ಟೂಲು ಕೊಟ್ಟ. ಅದಕ್ಕೂ ಅವಳು ಅವನ ಕೈಯನ್ನು ಹಣೆಗೆ ಒತ್ತಿಕೊಂಡಳು.

ಈಗ ಪೀಠದಲ್ಲಿ ಅವನ ಮಗ ದಾನ್ ರಾಮಿರೊ. ದಿನಾ ಲಿಫ್ಟಿನಲ್ಲಿ ಹೋಗಿಬಂದರೂ ನಿಲಕ್ಕನ ಮುಖವನ್ನು ನೋಡದ ಮನುಷ್ಯ. ಅಳತೆಯ ಹುಡುಗರು ಬಂದುಹೋದ ವಾರವೇ ಅವನು ಲಿಫ್ಟಿನಲ್ಲಿ ಅವಳ ಕಡೆ ತಿರುಗಿ ನಕ್ಕ.

"ನಿಲಾ, ಮೊಮ್ಮಗ ಹುಟ್ಟಿದಾನಂತೆ. ಹೇಳೋದಲ್ವಾ?"

"ಹುಟ್ಟಿ ನಾಲ್ಕು ತಿಂಗಳಾಯ್ತು ಸಾರ್."

"ಜ್ಞಾನಸ್ನಾನ ಇನ್ನೂ ಆಗಿಲ್ಲ ತಾನೇ? ನಿಮ್ಮಪ್ಪನ ಮನೆ ಮಗುವಿಗೆ ನಮ್ಮ ಮನೆಯವರಲ್ಲದೆ ಬೇರೆ ಯಾರು ನಿನೊಂಗ್ ಆಗ್ತಾರೆ? ನಾನೇ ನಿಲ್ತೀನಿ. ಸಭೆಗೆ ಮುಂಚೆ ಒಂದು ಭಾನುವಾರ ನೋಡು."

ಸಭೆಗೆ ಮುಂಚೆ. ಆ ಎರಡು ಪದ ಅವನ ಬಾಯಿಂದ ಜಾರಿಬಿದ್ದವು, ನಿಲಕ್ಕ ಎತ್ತಿಟ್ಟುಕೊಂಡಳು. ಅವನು ಹೋದ ಮೇಲೆ ಖಾಲಿ ಲಿಫ್ಟನ್ನು ಮೇಲೆ ಕೆಳಗೆ ಓಡಿಸುತ್ತಾ ಲೆಕ್ಕ ಹಾಕಿದಳು. ಎಸ್ಕಾಂಡೊರ್ ಮನೆಯವರ ಷೇರು ಅರ್ಧಕ್ಕಿಂತ ಹೆಚ್ಚು. ದಿನನಿತ್ಯದ ಕಾರುಬಾರಿಗೆ ಅಷ್ಟು ಸಾಕು. ಆದರೆ ನೆಲ ಮಾರಲು ಮೂರರಲ್ಲಿ ಎರಡು ಪಾಲು ಬೇಕು. ಇದನ್ನು ಅಪ್ಪ ಊಟದ ಹೊತ್ತಿನಲ್ಲಿ ನೂರು ಸಲ ಹೇಳಿದ್ದ. ಹಾಗಾದರೆ ಮೇಷ್ಟರ ಮಕ್ಕಳ ಓಟು ಬೇಕು. ಹಾಗಾದರೆ ಬಡಪಾಯಿ ಮನೆಯ ತೊಟ್ಟಿಲು ದಾನ್ ರಾಮಿರೊಗೆ ಇದ್ದಕ್ಕಿದ್ದಂತೆ ಕಂಡದ್ದು ಅದಕ್ಕೇ.

ಮನೆಗೆ ಬಂದು ಮಗಳಿಗೆ ಹೇಳಿದರೆ ಮಾರಿವೆಲ್ ಮಗುವನ್ನೆತ್ತಿ ಕುಣಿದುಬಿಟ್ಟಳು.

"ಅಮ್ಮಾ! ಚೇರ್ಮನ್ನು ನಿನೊಂಗ್ ಆದ್ರೆ ನಂಗೆ ಡಿಗ್ರಿ ಆದ್ಮೇಲೆ ಅಕೌಂಟ್ಸ್ ಆಫೀಸಲ್ಲೇ ಕೆಲಸ. ಸ್ಟೋರಲ್ಲಿ ನಿಂತು ನಿಂತು ಕಾಲು ಸೇದೋದು ತಪ್ಪತ್ತೆ."

"ಡಿಗ್ರಿ ಆಗೋಕೆ ಕಾಲೇಜು ಇರ್ಬೇಕಲ್ಲ ಕಣೇ. ಕಟ್ಟಡ ಮಾರ್ತಿದಾರೆ ಅವರು."

"ಯಾರು ಹೇಳಿದ್ದು?"

"ಯಂತ್ರ ಹೊತ್ಕೊಂಡು ಬಂದಿದ್ದ ಹುಡುಗ."

"ಅಯ್ಯೋ, ನಿಂಗೆ ಬೀದಿ ಬೆಕ್ಕು ಬಾಲ ಎತ್ತಿದ್ರೂ ಅನುಮಾನ! ಹಾಲಿನವನು ಬೇಗ ಬಂದ್ರೆ ಅನುಮಾನ, ಲೇಟಾದ್ರೆ ಅನುಮಾನ. ಒಳ್ಳೇದು ಮನೆ ಬಾಗಿಲಿಗೆ ಬಂದ್ರೆ ಅದರ ಹಲ್ಲು ಎಣಿಸ್ತೀಯಲ್ಲಮ್ಮ."

"ಬಂದಿರೋದಕ್ಕೆ ಹಲ್ಲು ಇರೋದಕ್ಕೇ ಎಣಿಸ್ತಿದೀನಿ."

ನಿನೊಂಗ್ ಆಗುತ್ತೇನೆ ಎಂದವರನ್ನು ಬೇಡ ಅನ್ನುವಂತಿಲ್ಲ. ಮಗುವಿಗೆ ಒಳ್ಳೆಯದಲ್ಲ ಎಂಬ ನಂಬಿಕೆ. ನಿಲಕ್ಕ ಬೇಡ ಅನ್ನಲಿಲ್ಲ, ಮುಂದೂಡಿದಳು. ಸಭೆ ಮೇ ಕೊನೆಯ ಶುಕ್ರವಾರ ಇತ್ತು. ಅದರ ನಂತರದ ಭಾನುವಾರಕ್ಕೆ ತಮ್ಮ ಚರ್ಚಿನಲ್ಲಿ ಜ್ಞಾನಸ್ನಾನ ಗೊತ್ತುಮಾಡಿ, "ಅದಕ್ಕೆ ಮುಂಚೆ ಚರ್ಚಲ್ಲಿ ಜಾಗವೇ ಇಲ್ಲ ಸಾರ್, ಮೇ ತಿಂಗಳ ಹಬ್ಬ, ಮದುವೆ ನೋಡಿ" ಎಂದು ದಾನ್ ರಾಮಿರೊಗೆ ಹೇಳಿದಳು. ನೀರು ಬೀಳುವ ತನಕ ನಂಟಿಲ್ಲ, ನಂಟಿಲ್ಲದ ತನಕ ಹಂಗಿಲ್ಲ. ದಾನ್ ರಾಮಿರೊ "ಹಾಗೋ?" ಎಂದು ನಕ್ಕು ಇಳಿದುಹೋದ. ಆ ನಗುವಿನ ಮೇಲೆ ಅವಳಿಗೆ ಎರಡು ದಿನ ಅನುಮಾನವಿತ್ತು. ಆಮೇಲೆ ತನ್ನ ಜಾಣತನದ ಮೇಲಿನ ನಂಬಿಕೆ ಗೆದ್ದಿತು. ಅನುಮಾನದವರು ಮೋಸಹೋಗುವುದು ಹಾಗೆಯೇ, ತಮ್ಮ ಮೇಲೆ ಅನುಮಾನಪಡುವುದನ್ನು ಮರೆತಾಗ.

ಈ ನಡುವೆ ಅವಳು ಪಾಸ್ಟೊರ್ ಇಲಾಗಾನ್‌ನನ್ನು ನೋಡಲು ಹೋದಳು. ಅವನೂ ಮೊದಲ ಮೇಷ್ಟರೊಬ್ಬರ ಮಗ, ದಾನ್ ಫಾಬಿಯಾನನ ಇನ್ನೊಬ್ಬ ಜ್ಞಾನಪುತ್ರ. ಒಂದು ಜೀಪ್ನಿ, ಅಂದರೆ ಬಾಡಿಗೆಯ ಪುಟ್ಟ ಬಸ್ಸು, ಓಡಿಸಿ ಬದುಕಿ, ಈಗ ಮೊಣಕಾಲು ಕೈಕೊಟ್ಟು ಮನೆ ಮುಂದೆ ಕೋಳಿ ಸಾಕುತ್ತಿದ್ದ ಮುದುಕ.

"ಪಾಸ್ಟೊರಣ್ಣ, ಈ ಸಲ ಸಹಿ ಹಾಕಬೇಡ. ನೆಲ ಮಾರ್ತಾರೆ."

"ಮಾರ್ಲಿ ಬಿಡೇ. ನನ್ನ ಅಪ್ಪನಿಗೆ ಆ ನೆಲದಿಂದ ಏನು ಸಿಕ್ತು? ನನಗೆ ಒಂದು ಕುಕ್ಕರು ಸಿಕ್ತು, ಅದೂ ಕೆಟ್ಟೋಯ್ತು."

"ನಿನ್ನ ಮಗ ಎಲ್ಲಿ ಓದಿದ್ದು?"

ಇಲಾಗಾನ್ ಕೋಳಿಗೆ ಕಾಳು ಎರಚಿದ. ಅವನ ಮಗ ಓದಿದ್ದು ಅದೇ ಸಂಜೆ ಕಾಲೇಜಿನಲ್ಲಿ, ಹಗಲು ಅಪ್ಪನ ಜೀಪ್ನಿಯಲ್ಲಿ ಟಿಕೆಟ್ ಕಾಸು ಇಸಿದುಕೊಳ್ಳುತ್ತಾ.

"ಸಹಿ ಮೊನ್ನೆಯೇ ಹಾಕ್ಬಿಟ್ಟೆ ಮಾರಾಯ್ತಿ," ಅಂದ ಕೊನೆಗೆ. "ಅವರ ಕಂಪನಿ ವಕೀಲ ದಿಮಾಯುಗಾ ಮನೆಗೇ ಬಂದಿದ್ದ, ಹಣ್ಣು ತಗೊಂಡು. ಯಾವತ್ತೂ ಬಾರದವನು."

"ಹಣ್ಣು ನೋಡಿದ ಕೂಡಲೇ ಗೊತ್ತಾಗ್ಲಿಲ್ವಾ?"

"ಮಾವಿನ ಹಣ್ಣು ಕಣೇ. ಒಳ್ಳೇ ಮಾವಿನ ಹಣ್ಣು."

ಮಹಾಸಭೆಗೆ ಮುಂಚಿನ ಬುಧವಾರ ಸಂಜೆ ನಿಲಕ್ಕ ಕೆಲಸ ಮುಗಿಸಿ ಬಂದು ಕೂಸನ್ನು ಎತ್ತಿಕೊಂಡಾಗ ನೆತ್ತಿಯಿಂದ ಘಮ್ಮೆಂದು ವಾಸನೆ ಬಂತು.

"ಇದೇನೇ ಎಣ್ಣೆ?"

"ಪಕ್ಕದ್ಮನೆಯವರು ಕೊಟ್ರು. ಮಗುವಿಗೆ ತಂಪು ಅಂತ." ಮಾರಿವೆಲ್ ಬೆನ್ನು ತಿರುಗಿಸಿ ಬಟ್ಟೆ ಮಡಿಸುತ್ತಿದ್ದಳು.

"ಚರ್ಚಿನ ವಾಸನೆ ಬರ್ತಿದೆ."

"ಅಮ್ಮಾ, ನಿನ್ನ ಮೂಗಿಗೂ ಈಗ ಅನುಮಾನ ಶುರುವಾಯ್ತಾ?"

ನಿಲಕ್ಕ ಇನ್ನೊಮ್ಮೆ ಮೂಸಿ ನೋಡಿದಳು. ಮಗಳ ಮೇಲೂ ಅನುಮಾನಪಟ್ಟರೆ ಮನೆಯಲ್ಲಿ ಬದುಕುವುದು ಹೇಗೆಂದುಕೊಂಡು ಕೂಸನ್ನು ತೊಟ್ಟಿಲಿಗೆ ಹಾಕಿದಳು.

ಶುಕ್ರವಾರ ಅವಳು ಲಿಫ್ಟಿಗೆ ರಜೆ ಹಾಕಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು ಹೋದಳು. ಬಾಗಿಲಲ್ಲಿ ಹಾಳೆ ಹಿಡಿದು ನಿಂತಿದ್ದ ವಕೀಲ ದಿಮಾಯುಗಾ ಅವಳನ್ನು ಕಂಡು ಕೈಬೀಸಿದ. "ನೀವು ಹೋಗಿ ನಿಲಕ್ಕ, ನಿಮ್ಮ ಸಹಿ ಏನಕ್ಕೆ? ನೀವೀಗ ಮನೆಯವರೇ." ಸಹಿ ಹಾಕಲಾರೆ ಎಂದು ಹೇಳಲು ಎರಡು ವಾರದಿಂದ ಮಾತು ಜೋಡಿಸಿಕೊಂಡು ಬಂದವಳಿಗೆ, ಸಹಿ ಬೇಡ ಎಂದು ಬಾಗಿಲು ತೆರೆದುಬಿಟ್ಟರೆ ಹೇಗಿರಬೇಡ! ಬೋನಿನ ಬಾಗಿಲೂ ಹಾಗೇ ತೆರೆದಿರುತ್ತದೆ.

ಒಳಗೆ ವೇದಿಕೆಯ ಮೇಲಿಂದ ದಾನ್ ರಾಮಿರೊ ಎದ್ದು ಬಂದ. ಎಲ್ಲರಿಗೂ ಕೇಳುವಂತೆ ಹೇಳಿದ: "ಬುಧವಾರದಿಂದ ಬಾರ್ಸೆನಾಸ್ ಮೇಷ್ಟರ ಮರಿಮಗ ನನ್ನ ಜ್ಞಾನಪುತ್ರ. ನಮ್ಮ ಅಪ್ಪ ಹಾಕಿದ ದಾರಿ ಇದು. ಇದು ವಿಶ್ವವಿದ್ಯಾಲಯ ಅಲ್ಲ, ಕುಟುಂಬ." ಚಪ್ಪಾಳೆ ಬಿತ್ತು. ಅವನ ಹೆಂಡತಿ ದೊನ್ಯಾ ಪೆರ್ಲಾ ಬಂದು ನಿಲಕ್ಕನ ಎರಡೂ ಕೆನ್ನೆಗೆ ಕೆನ್ನೆ ತಾಗಿಸಿ ಹೇಳಿದಳು, "ಚರ್ಚಲ್ಲಿ ಒಂಚೂರೂ ಅಳಲಿಲ್ಲ ನಿಮ್ಮ ಮೊಮ್ಮಗ. ಮಾರಿವೆಲ್ ಹೇಳಿದ್ಲು, ಅಮ್ಮಂಗೆ ಕೆಲಸ ಜಾಸ್ತಿ, ಆಮೇಲೆ ಹೇಳೋಣ ಅಂತ."

ಬಡವರಿಗೆ ಬೇರೆ ಚರ್ಚಿನಲ್ಲಿ ಜ್ಞಾನಸ್ನಾನ ಮಾಡಿಸಬೇಕೆಂದರೆ ವಾರಗಟ್ಟಲೆ ಅಲೆದಾಟ. ದೊನ್ಯಾ ಪೆರ್ಲಾಗೆ ಒಂದು ಫೋನು ಸಾಕಾಗಿತ್ತು. ನಿಲಕ್ಕ ಹಿಂದಿನ ಸಾಲಿನಲ್ಲಿ ಹೋಗಿ ಕೂತಳು. ಬುಧವಾರ ಸಂಜೆಯ ಆ ಘಮ, ಜ್ಞಾನಸ್ನಾನದಲ್ಲಿ ಪಾದ್ರಿ ನೆತ್ತಿಗೆ ಹಚ್ಚುವ ಎಣ್ಣೆಯದು, ಅವಳ ಮೂಗಿನಲ್ಲಿ ಮತ್ತೆ ಎದ್ದಿತು. ಮಗಳ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಕನಿಕರ ಬಂತು. ಕೆಲಸದ ಆಸೆಗೆ ಹುಡುಗಿ ತಾನು ಕೂರುವ ಬೆಂಚನ್ನೇ ಮಾರಿಕೊಂಡಿದ್ದಳು, ಅದೂ ಗೊತ್ತಿಲ್ಲದೆ.

ಪಕ್ಕದಲ್ಲಿ ಇಲಾಗಾನ್ ಮೊಣಕಾಲು ನೀವಿಕೊಳ್ಳುತ್ತಿದ್ದ. "ಆಯ್ತಲ್ಲ ನಿಂದೂ," ಅಂದ ಪಿಸುದನಿಯಲ್ಲಿ. "ಇನ್ನು ನೂಡಲ್ಸ್ ತಿನ್ನೋಣ ಬಿಡು."

ಆ ಸಭೆಗಳ ರೀತಿಯೇ ಒಂದು. ವಕೀಲ ನಿಂತು ನಿರ್ಣಯ ಓದುತ್ತಾನೆ. ಕೊನೆಯಲ್ಲಿ "ಆಕ್ಷೇಪ ಇದೆಯೇ, ಇಲ್ಲ, ಅಂಗೀಕಾರವಾಗಿದೆ" ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾನೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ಕೆಮ್ಮು ತೂರಿಸುವಷ್ಟೂ ಜಾಗವಿಲ್ಲ. ಹಾಗೇ ಕಳೆದ ಸಾಲಿನ ಲೆಕ್ಕ ಅಂಗೀಕಾರವಾಯಿತು. ಹಾಗೇ ಎಸ್ಕಾಂಡೊರ್ ಮನೆಯ ಮೊಮ್ಮಗನೊಬ್ಬ ನಿರ್ದೇಶಕನಾದ. ಮೂರನೆಯದು "ಹಳೇ ಆವರಣದ ಸದುಪಯೋಗ". ಸದುಪಯೋಗವೆಂದರೆ ನೆಲವನ್ನು ಕಟ್ಟಡ ಕಂಪನಿಯೊಂದಕ್ಕೆ ಮಾರಿ, "ಬೇಡಿಕೆ ಕುಂದಿರುವ ಸಂಜೆ ವಿಭಾಗವನ್ನು ಹಂತಹಂತವಾಗಿ ವಿರಾಮಗೊಳಿಸುವುದು" ಎಂದು ದಿಮಾಯುಗಾ ಓದಿದ. ಬೇಡಿಕೆ ಕುಂದಿತ್ತಂತೆ! ದಿನಾ ಸಂಜೆ ಆರಕ್ಕೆ ಆ ಲಿಫ್ಟಿನಲ್ಲಿ ಉಸಿರಾಡಲು ಜಾಗವಿರುತ್ತಿರಲಿಲ್ಲ.

"ಆಕ್ಷೇಪ ಇದೆಯೇ..."

"ಇದೆ," ಅಂದಳು ನಿಲಕ್ಕ.

"...ಇಲ್ಲ, ಅಂಗೀ..." ದಿಮಾಯುಗಾನ ಬಾಯಿ ಅಭ್ಯಾಸಬಲದಿಂದ ಮುಂದೆ ಓಡಿ, ಅಲ್ಲಿಯೇ ಮುಗ್ಗರಿಸಿತು. ಊಟದ ತಟ್ಟೆ ಜೋಡಿಸುತ್ತಿದ್ದವರೂ ತಿರುಗಿ ನೋಡಿದರು.

"ಯಾರು?" ದಾನ್ ರಾಮಿರೊ ಕತ್ತು ಚಾಚಿದ.

"ನಾನು ಸಾರ್. ಲಿಯೊನೀಲಾ ಬಾರ್ಸೆನಾಸ್. ನನ್ನದು ಬೇಡ ಅಂತ ಓಟು."

"ನಿಲಾ," ಅವನ ದನಿ ಬೆಣ್ಣೆಯಂತಿತ್ತು. "ಗಾಬರಿಯಾಗಿದೀಯ. ನಿನಗೆ ಏನಾದ್ರೂ ಬೇಕಿದ್ರೆ ಊಟ ಆದ್ಮೇಲೆ ಕೂತು ಮಾತಾಡೋಣ. ನಾನು ನಿನ್ನ ಮೊಮ್ಮಗನ ನಿನೊಂಗ್. ಹೊರಗಿನವನಾ?"

"ನಿನೊಂಗ್ ಅಂದ್ರೆ ಮಗುವಿಗೆ ಎರಡನೇ ಅಪ್ಪ ಸಾರ್," ಅಂದಳು. "ಮಗುವಿನ ಅಮ್ಮ ಇಲ್ಲಿ ಸಂಜೆ ಓದ್ತಾಳೆ. ನೀರು ಹಾಕಿಸಿದ ಎರಡೇ ದಿನಕ್ಕೆ ಯಾವ ಅಪ್ಪ ಮಗುವಿನ ತಾಯಿ ಓದೋ ಜಾಗ ಕೆಡವ್ತಾನೆ?"

ಯಾರೋ ಹಿಂದೆ ಕಿಸಕ್ಕೆಂದರು. ದೊನ್ಯಾ ಪೆರ್ಲಾ ಬೀಸಣಿಗೆಯನ್ನು ಫಟ್ಟನೆ ಮಡಚಿದಳು. "ಎಂಥಾ ಕೃತಘ್ನರು! ಲಿಫ್ಟಿನವಳು..."

"ಲಿಫ್ಟಿನವಳೇ ಅಮ್ಮಾ. ಷೇರುದಾರಳೂ ಹೌದು. ಅಪ್ಪನ ಸಂಬಳ ಅದು."

ದಿಮಾಯುಗಾ ಸಾವರಿಸಿಕೊಂಡು ನಕ್ಕ. "ಒಂದು ಆಕ್ಷೇಪ ದಾಖಲಾಗಿದೆ. ಅಧ್ಯಕ್ಷರ ಕೈಯಲ್ಲಿ ಸಾಕಷ್ಟು ಸಹಿಗಳಿವೆ. ಆದ್ದರಿಂದ..."

ಆಗ ಇಲಾಗಾನ್ ಮುಂದಿನ ಕುರ್ಚಿಯನ್ನು ಹಿಡಿದು, ನರಳುತ್ತಾ, ಎದ್ದು ನಿಂತ. "ನನ್ನ ಸಹಿ ವಾಪಸ್ ಕೊಡಪ್ಪ ವಕೀಲ."

"ಅದು ಹಾಗೆ ಆಗಲ್ಲ ಅಣ್ಣ."

"ಯಾಕಾಗಲ್ಲ? ನಾನು ಬರಲಾಗದಿದ್ರೆ ಚೇರ್ಮನ್ನು ಹಾಕ್ಲಿ ಅಂತ ಸಹಿ. ನಾನು ಇಲ್ಲೇ ಎದುರಿಗೆ ನಿಂತಿದೀನಲ್ಲ, ಕಾಣಲ್ವಾ? ನನ್ನ ಬಾಯಿ ಇರೋವಾಗ ಇನ್ನೊಬ್ಬರ ಬಾಯಿ ಯಾಕೆ? ಮಾವಿನ ಹಣ್ಣು ತಿಂದಾಯ್ತು, ಅದನ್ನ ಮಾತ್ರ ವಾಪಸ್ ಕೇಳಬೇಡ."

ಈ ಸಲ ಕಿಸಕ್ಕೆಂದದ್ದು ಒಬ್ಬರಲ್ಲ. ವ್ಯಾಪಾರ ಕಾನೂನು ಕಲಿಸುತ್ತಾ ಬಂದ ಸಂಸ್ಥೆಯಲ್ಲಿ, ಸಹಿ ಮಾಡಿದವನೇ ಎದುರು ನಿಂತರೆ ಸಹಿ ಸತ್ತಿತು ಎಂಬುದು ದಿಮಾಯುಗಾನಿಗೂ ಗೊತ್ತಿತ್ತು. ಅವನು ದಾನ್ ರಾಮಿರೊನ ಕಿವಿಯ ಬಳಿ ಬಗ್ಗಿದ. ಇನ್ನೊಬ್ಬ ಮೇಷ್ಟರ ಮಗಳು, ಹೊಲಿಗೆ ಮಾಡುವವಳು, ಕೂತಲ್ಲಿಂದಲೇ ಕೈ ಎತ್ತಿದಳು. ಅವಳ ಪಕ್ಕದ ತಮ್ಮ ಆ ಕೈಯನ್ನು ಕೆಳಗೆ ಎಳೆದ. ಅವಳು ಮತ್ತೆ ಎತ್ತಿದಳು. ಉಳಿದ ಬಹಳ ಮಂದಿ ತಮ್ಮ ಚಪ್ಪಲಿಗಳನ್ನು ನೋಡುತ್ತಾ ಕೂತಿದ್ದರು. ಎಪ್ಪತ್ತು ವರ್ಷ ಬಾಗಿದ ಕತ್ತು ಒಂದು ಮಧ್ಯಾಹ್ನದಲ್ಲಿ ನೆಟ್ಟಗಾಗುವುದಿಲ್ಲ.

ಆದರೂ ಎಣಿಸಿದಾಗ ಮೂರರಲ್ಲಿ ಎರಡು ಪಾಲಿಗೆ ಕೊಂಚ ಕಡಿಮೆ ಬಿತ್ತು. ನಿರ್ಣಯ ಬಿತ್ತು ಎನ್ನಲು ದಿಮಾಯುಗಾನಿಗೆ ಬಾಯಿ ಬರಲಿಲ್ಲ. "ಮುಂದಿನ ಸಭೆಗೆ ಕಾಯ್ದಿರಿಸಲಾಗಿದೆ" ಅಂದ. ಊಟಕ್ಕೆ ಎದ್ದವರು ನಿಲಕ್ಕನಿಂದ ಒಂದು ಮಾರು ದೂರದಲ್ಲೇ ಸಾಲು ನಿಂತರು, ಅವಳ ಮೈಗೆ ಬೆಂಕಿ ಹತ್ತಿದೆಯೇನೋ ಎಂಬಂತೆ. ದಾನ್ ರಾಮಿರೊ ಅವಳ ಹತ್ತಿರ ಬಂದಾಗ ನಗುತ್ತಲೇ ಇದ್ದ.

"ಮಗು ನನ್ನ ಜ್ಞಾನಪುತ್ರನೇ, ನಿಲಾ. ಅದು ಅಳಿಸಿಹೋಗಲ್ಲ. ಕ್ರಿಸ್‌ಮಸ್‌ಗೆ ಕರ್ಕೊಂಡು ಬಾ," ಅಂದ.

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಈ ನಗುವೇ ಭಯ ಹುಟ್ಟಿಸುವಂಥದ್ದು. ಅವನಿಗೆ ಅವಸರವಿರಲಿಲ್ಲ. ಇಂಥವರಿಗೆ ಯಾವತ್ತೂ ಅವಸರವಿರುವುದಿಲ್ಲ. ಮುದುಕ ಇಲಾಗಾನ್ ಎಷ್ಟು ದಿನ ಎದ್ದು ನಿಂತಾನು? ಮುಂದಿನ ಸಭೆಗೆ ಯಾರ ಮನೆಗೆ ಹಣ್ಣು ಹೋಗುತ್ತದೋ, ಯಾರ ಮಗನಿಗೆ ಕೆಲಸ ಸಿಗುತ್ತದೋ? ತನ್ನ ಸ್ಟೂಲು ಸೋಮವಾರ ಇರುತ್ತದೆಯೇ ಎಂಬುದೂ ಅವಳಿಗೆ ಗೊತ್ತಿರಲಿಲ್ಲ. ಅವಳು ಊಟ ಮಾಡದೆ ಇಳಿದುಬಂದಳು.

ಗೇಟಿನಲ್ಲಿ ಸಂಜೆಯವರು ಬರತೊಡಗಿದ್ದರು. ಸ್ಟೋರಿನ ಸಮವಸ್ತ್ರದಲ್ಲೇ ಮಾರಿವೆಲ್ ಎದುರಾದಳು. ಸುದ್ದಿ ಅವಳ ಫೋನಿಗೆ ಆಗಲೇ ಮುಟ್ಟಿತ್ತು. ಕಣ್ಣು ಕೆಂಪಗಿದ್ದವು.

"ಎಲ್ಲರ ಮುಂದೆ ನನ್ನ ಮಗನ ನಿನೊಂಗ್ ಮರ್ಯಾದೆ ತೆಗೆದ್ಯಲ್ಲಮ್ಮ. ಇನ್ನು ನಂಗ್ಯಾರು ಅಲ್ಲಿ ಕೆಲಸ ಕೊಡ್ತಾರೆ?"

"ಯಾರೂ ಕೊಡಲ್ಲ."

"ಅಷ್ಟೇನಾ? ನನ್ನ ಬೈಯಲ್ವಾ? ಬುಧವಾರ ನಾನು ನಿಂಗೆ ಸುಳ್ಳು ಹೇಳಿದ್ದಕ್ಕೆ?"

"ಮನೆಗೆ ಬಾ, ಬೈತೀನಿ. ಈಗ ಕ್ಲಾಸು ಯಾವ ಕೋಣೆ?"

ಮಾರಿವೆಲ್ ಮುಖ ಆ ಕಡೆ ತಿರುಗಿಸಿ ನಿಂತಳು. ಅವಳ ಸುತ್ತ ಕಾವಲುಗಾರರು, ಕಂಡಕ್ಟರುಗಳು ಟೋಪಿ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಲಿಫ್ಟಿಗೆ ಆ ದಿನ ಆಳಿರಲಿಲ್ಲ. ಒಳಗೆ ಗಂಟೆ ಹೊಡೆಯಿತು. ಮಾರಿವೆಲ್ ಕಣ್ಣೊರೆಸಿಕೊಂಡು, ಅಮ್ಮನ ಕಡೆ ತಿರುಗಿಯೂ ನೋಡದೆ, ಅವರ ನಡುವೆ ನುಗ್ಗಿ ಎರಡೆರಡು ಮೆಟ್ಟಿಲು ಹಾರುತ್ತಾ ಕ್ಲಾಸಿಗೆ ಓಡಿದಳು.